ಬೆಳಕಿಂಡಿಗೆ ಕಂಬಳಿ ಹೊದಿಸಿದ ದಿನ

ಮೂವತ್ತೊಂದು ವರ್ಷಗಳ ಕಾಲ ಪ್ರೌಢಶಾಲೆಯಲ್ಲಿ ಕನ್ನಡದ ಅಧ್ಯಾಪಕನಾಗಿದ್ದು, ವರ್ಷವರ್ಷವೂ ಪರೀಕ್ಷೆಯ ದಿನಗಳಲ್ಲಿ ಕೊಠಡಿ ಮೇಲ್ವಿಚಾರಕನೆನಿಸಿ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬೆಂಚುಗಳ ನಡುವೆ ಅಡ್ಡಾಡಿದ ನನಗೆ, ಪರೀಕ್ಷೆಗೆ ಒಂದು ಕೋಣೆಯನ್ನು ಅಣಿಗೊಳಿಸುವ ವಿದ್ಯೆಯಲ್ಲಿ ಇನ್ನು ಕಲಿಯತಕ್ಕುದೇನೂ ಉಳಿದಿಲ್ಲವೆಂಬ ಸಣ್ಣದೊಂದು ಅಹಂಕಾರವಿತ್ತು. 2024ರ ಕಾರ್ತಿಕಮಾಸದಲ್ಲಿ, ಅಳವಂಡಿಯ ನಮ್ಮ ಮನೆಯಲ್ಲಿಯೇ, ಮೊಮ್ಮಗಳ ನಿಮಿತ್ತವಾಗಿ ಆ ಅಹಂಕಾರ ಮುರಿಯಿತು.

ಆಕೆ ಬರೆಯಬೇಕಾಗಿದ್ದುದು ಪರದೇಶದ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಅವಶ್ಯವಾದ ಇಂಗ್ಲಿಷ್ ಭಾಷೆಯ ಪರೀಕ್ಷೆ. ಟೋಫೆಲ್, ಜಿ.ಆರ್.ಇ. ಮೊದಲಾದ ಪರೀಕ್ಷೆಗಳು 2020ರಲ್ಲಿ, ಕೋವಿಡ್ ವ್ಯಾಧಿಯ ದೆಸೆಯಿಂದ ಪರೀಕ್ಷಾಕೇಂದ್ರಗಳು ಬಾಗಿಲಿಕ್ಕಿದಾಗ, ಅಭ್ಯರ್ಥಿಗಳ ಮನೆಗೇ ನಡೆದು ಬಂದುವು. ವ್ಯಾಧಿ ಇಳಿದ ಮೇಲೂ ಹಿಂದಿರುಗಿ ಹೋಗಲಿಲ್ಲ. ನಮ್ಮ ತಂದೆಯವರ ಬಾಲ್ಯದಲ್ಲಿ ಅಳವಂಡಿ ನಿಜಾಮನ ಸೀಮೆ, ಶಾಲೆಯ ಭಾಷೆ ಉರ್ದು. ಕನ್ನಡದಲ್ಲಿಯೇ ಕಲಿಯಬೇಕೆಂಬ ಹಟವುಳ್ಳವರು ಗಡಿ ದಾಟಿ, ಮುಂಬಯಿ ಪ್ರಾಂತಕ್ಕೆ ಸೇರಿದ್ದ ಮುಂಡರಗಿಗೋ ಗದಗಿಗೋ ಹೋಗಬೇಕಾಗಿತ್ತು. ಅಂಥವರ ಮರಿಮಗಳಿಗೆ ಸಮುದ್ರದಾಚೆಯ ಪರೀಕ್ಷೆ ಹೊಸ್ತಿಲೊಳಗೇ ಬಂದಿತಲ್ಲ ಎಂದು ನಾನು ಹಿಗ್ಗಿದೆ.

ಆ ಹಿಗ್ಗು ನಿಯಮಾವಳಿಯನ್ನು ಓದುವ ತನಕ ಮಾತ್ರ. ಕೋಣೆಯಲ್ಲಿ ಅಭ್ಯರ್ಥಿಯ ಹೊರತು ಅನ್ಯರಿರಕೂಡದು, ಬಾಗಿಲು ಮುಚ್ಚಿರತಕ್ಕದ್ದು, ಮಂಚದ ಮೇಲೆ ಕುಳಿತು ಬರೆಯಕೂಡದು, ಕಿವಿಗಳು ಕೂದಲಲ್ಲಿ ಮರೆಯಾಗಕೂಡದು, ಟಿಪ್ಪಣಿಯನ್ನು ಅಳಿಸಬಹುದಾದ ಚಿಕ್ಕ ಬಿಳಿಹಲಗೆಯ ಮೇಲೆ ಬರೆದು, ಕಡೆಗೆ ಕ್ಯಾಮೆರಾದ ಮುಂದೆ ಒರೆಸಿ ತೋರಿಸತಕ್ಕದ್ದು. ಹಗಲು ಹೊತ್ತಿನಲ್ಲಿ ಒಳಗಿನಿಂದ ಅಗಳಿ ಹಾಕಿದ ಕೋಣೆ ನಮ್ಮ ಕಡೆಯ ಮನೆಗಳಲ್ಲಿ ಕಾಣಬರುವುದು ಎರಡೇ ಪ್ರಸಂಗಗಳಲ್ಲಿ: ಬಾಣಂತಿಯಿದ್ದಾಗ, ಇಲ್ಲವೆ ಜಗಳವಾದಾಗ. ಏಕಾಂತವೆಂಬುದು ನಮ್ಮ ಮನೆಗಳನ್ನು ಕಟ್ಟಿದವರ ಲೆಕ್ಕದಲ್ಲಿಯೇ ಇರಲಿಲ್ಲ. ಅದನ್ನು ಕೃತಕವಾಗಿ ಸೃಷ್ಟಿಸಬೇಕಾಯಿತು.

ಪಡಸಾಲೆಗೆ ಹೊಂದಿದ, ಜೋಳದ ಚೀಲಗಳನ್ನು ಒಟ್ಟಿದ್ದ ಕೋಣೆಯನ್ನು ಆರಿಸಿದೆವು. ಚೀಲಗಳು ಹೊರಬಿದ್ದುವು; ಕುಂಟೆಯ ತಾಳು, ಹಳೆಯ ಟ್ರಂಕು, ಮುರಿದ ಹೊಲಿಗೆಯಂತ್ರ ಎಲ್ಲವೂ ಕಟ್ಟೆಯ ಮೇಲೆ ಬಂದುವು. ಗೋಡೆಯ ಮೇಲೆ ಅಕ್ಷರಗಳಿರಬಾರದೆಂದು ಪಂಚಾಂಗದ ಕ್ಯಾಲೆಂಡರನ್ನು ಇಳಿಸಿದೆ. ಅನಂತರ ನಮ್ಮ ತಾಯಿಯ ಭಾವಚಿತ್ರಕ್ಕೆ ಕೈಯಿಕ್ಕಿದಾಗ ನನ್ನ ಹೆಂಡತಿ ಅಡ್ಡ ಬಂದು, "ಅತ್ತಿಯವರೇನು ಉತ್ತರಾ ಹೇಳಿಕೊಡ್ತಾರೇನ್ರಿ?" ಎಂದಳು. ಚಿತ್ರದ ಕೆಳಗೆ ಜನನಮರಣಗಳ ಇಸವಿಗಳನ್ನು ಬರೆದಿದ್ದುದರಿಂದ ಅದನ್ನೂ ಇಳಿಸಲೇಬೇಕಾಯಿತು; ಸಹಿ ಮಾಡಲು ತನ್ನ ಹೆಸರಿನ ಅಕ್ಷರಗಳನ್ನೂ ಅರಿಯದಿದ್ದ ತಾಯಿ ಪರೀಕ್ಷೆಯ ಕೋಣೆಯಿಂದ ಉಚ್ಚಾಟಿತಳಾದಳು.

ನಿಜವಾದ ಕಷ್ಟ ಬಂದುದು ಮನೆಯ ಕಟ್ಟಡದಿಂದಲೇ. ನಮ್ಮದು ಮಣ್ಣಿನ ಮಾಳಿಗೆಯ ಮನೆ. ಗೋಡೆಗಳು ಎರಡು ಮೊಳ ದಪ್ಪ. ಬೇಸಗೆಯಲ್ಲಿ ತಂಪನ್ನೂ ಚಳಿಯಲ್ಲಿ ಬೆಚ್ಚನ್ನೂ ಕೊಡುವ ಆ ಗೋಡೆಗಳೇ ಪಡಸಾಲೆಯಲ್ಲಿದ್ದ ವೈಫೈ ಯಂತ್ರದ ಸಂಕೇತವನ್ನು ಬಾಗಿಲಲ್ಲಿಯೇ ತಡೆದು ನಿಲ್ಲಿಸಿದುವು. ಬಾಗಿಲು ತೆರೆದಿದ್ದರೆ ಚಿತ್ರ ಸರಾಗವಾಗಿ ಹರಿಯುವುದು, ಮುಚ್ಚಿದೊಡನೆ ತಡವರಿಸುವುದು. ಪರೀಕ್ಷೆಗೋ ಬಾಗಿಲು ಮುಚ್ಚಿರಲೇಬೇಕು. ತಂತಿಯನ್ನೇ ಒಯ್ಯಬೇಕೆಂದು ನಿಶ್ಚಯಿಸಿ, ಗೋಡೆಯನ್ನು ಕೊರೆಯಲು ಮನಸ್ಸೊಪ್ಪದೆ, ಹದಿನೈದು ಮೀಟರು ಉದ್ದದ ಲ್ಯಾನ್ ಕೇಬಲನ್ನು ಮಾಳಿಗೆ ಹತ್ತಿಸಿ, ಕೋಣೆಯ ಬೆಳಕಿಂಡಿಯೊಳಗಿಂದ ಬಾವಿಗೆ ಹಗ್ಗ ಬಿಟ್ಟಂತೆ ಕೆಳಗಿಳಿಬಿಟ್ಟೆವು. ಆ ಬೆಳಕಿಂಡಿಯದೇ ಇನ್ನೊಂದು ಉಪದ್ರವ. ಹಗಲೆಲ್ಲ ಬಿಸಿಲಿನ ಕೋಲೊಂದು ಅದರಿಂದಿಳಿದು ಕೋಣೆಯಲ್ಲಿ ಸರಿಯುತ್ತಿರುತ್ತದೆ. ಬಾಲ್ಯದಲ್ಲಿ ನಾವು ಅದರಲ್ಲಿಯೇ ಹೊತ್ತು ನೋಡುತ್ತಿದ್ದೆವು. ಅದು ಮುಖದ ಮೇಲೆ ಬಿದ್ದ ಕ್ಷಣದಲ್ಲಿ ಕ್ಯಾಮೆರಾದಲ್ಲಿ ಮೊಮ್ಮಗಳ ಮುಖ ಸುಣ್ಣ ಬಳಿದ ಗೋಡೆಯಾಯಿತು. ಕಡೆಗೆ ಕುರುಬರ ಕರಿಕಂಬಳಿಯೊಂದನ್ನು ಬೆಳಕಿಂಡಿಗೆ ಹೊದಿಸಿ, ಅಂಚಿಗೆ ಕಲ್ಲು ಹೇರಿ, ಲ್ಯಾಪ್‌ಟಾಪಿನ ಹಿಂದೆ ಎಲ್‌ಇಡಿ ದೀಪವೊಂದನ್ನು ಮುಖಕ್ಕಿದಿರಾಗಿ ಇರಿಸಿದೆವು. ದೀಪ ಬೆನ್ನ ಹಿಂದಿದ್ದರೆ ಮುಖ ನೆರಳಾಗುವುದೆಂಬುದು ಒಂದು ಸಂಜೆಯ ಪ್ರಯೋಗದಿಂದ ತಿಳಿದುದು.

ಪ್ರಯೋಗವೆಂದೆನಷ್ಟೆ, ಪರೀಕ್ಷೆ ನಡೆಯುವ ಗಳಿಗೆಯಲ್ಲಿಯೇ ನಾಲ್ಕು ದಿನ ಮುಂಚಿತವಾಗಿ ಎಲ್ಲವನ್ನೂ ಆಡಿ ನೋಡಿದುದು ನಾವು ಮಾಡಿದ ಜಾಣತನಗಳಲ್ಲಿ ಮೊದಲನೆಯದು. ಬೆಳಗಿನ ಜಾವ ಪ್ರಶಾಂತವೆಂದು ನಾನು ಬಗೆದಿದ್ದೆ. ಕಿವಿಗೊಟ್ಟು ಕೇಳಿದಾಗ ಗುಡಿಯ ಧ್ವನಿವರ್ಧಕ, ಕೋಳಿ, ಎಮ್ಮೆ, ಮೊದಲ ಬಸ್ಸು ಎಲ್ಲವೂ ಆಗಲೇ ಎದ್ದಿದ್ದುವು. ಊರು ನಿಜವಾಗಿ ಮಲಗುವುದು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಜನರೆಲ್ಲ ಎರೆಹೊಲಗಳಲ್ಲಿದ್ದಾಗ. ಒಂದು ದಿನ ಬೇಕೆಂದೇ ಮೇನ್ ಸ್ವಿಚ್ಚನ್ನು ಇಳಿಸಿದೆವು. ಲ್ಯಾಪ್‌ಟಾಪು ಬ್ಯಾಟರಿಯ ಬಲದಿಂದ ಬದುಕಿತು, ವೈಫೈ ಯಂತ್ರ ಮಾತ್ರ ತತ್‌ಕ್ಷಣ ಕಣ್ಮುಚ್ಚಿತು. ಅದಕ್ಕೊಂದು ಪುಟ್ಟ ಬ್ಯಾಟರಿಯನ್ನು ಕೊಪ್ಪಳದಿಂದ ತರಿಸಿದೆವು. ಗುರುತಿನ ಪತ್ರದಲ್ಲಿ ಅಡ್ಡಹೆಸರು ಮೊದಲಿದೆಯೋ ಕಡೆಯಲ್ಲಿದೆಯೋ ಎಂಬುದನ್ನು ಆಕೆ ನೋಂದಣಿಗೆ ಮೊದಲೇ ಸರಿಪಡಿಸಿದ್ದಳು.

ಆ ದಿನ ಬಂದಿತು. ಮೇಲ್ವಿಚಾರಕಿ ಎಲ್ಲಿಯವಳೋ, ಧ್ವನಿ ಮಾತ್ರ ಸೌಮ್ಯ. ಕೋಣೆಯ ನಾಲ್ಕು ಗೋಡೆಗಳನ್ನೂ ಮೇಜಿನ ಅಡಿಯನ್ನೂ ತೋರಿಸೆಂದಳು. ಲ್ಯಾಪ್‌ಟಾಪಿನ ಪರದೆಯ ಅಂಚುಗಳಲ್ಲಿ ಚೀಟಿ ಅಂಟಿಸಿಲ್ಲವೆಂಬುದಕ್ಕೆ ಕನ್ನಡಿ ಹಿಡಿಯೆಂದಳು. ಅದಕ್ಕೆ ನನ್ನ ಕ್ಷೌರದ ಕನ್ನಡಿ ಒದಗಿತು. ಚೀಟಿಗಳನ್ನು ತೋಳಿನಲ್ಲಿ, ಕಂಪಾಸು ಪೆಟ್ಟಿಗೆಯಲ್ಲಿ, ಒಮ್ಮೆ ಚಪ್ಪಲಿಯ ಅಟ್ಟೆಯಲ್ಲಿ ಹಿಡಿದಿದ್ದ ನನಗೂ ಈ ಕನ್ನಡಿಯ ಯುಕ್ತಿ ಹೊಳೆದಿರಲಿಲ್ಲ. "ಅಜ್ಜಾ, ಇನ್ನ ನೀವು ಹೊರಗ ನಡೀರಿ" ಎಂದಳು ಮೊಮ್ಮಗಳು. ನಡೆದೆ.

ಮುಂದಿನ ತಪ್ಪು ನನ್ನದೇ. ನಲವತ್ತು ನಿಮಿಷಗಳಾಗಿರಬಹುದು, ಪಡಸಾಲೆಯಲ್ಲಿ ಶತಪಥ ತಿರುಗುತ್ತಿದ್ದವನು, ಅರ್ಧ ಹೊತ್ತು ಕಳೆಯಿತೆಂದು ಎಚ್ಚರಿಸುವ ಮೂವತ್ತೊಂದು ವರ್ಷಗಳ ಅಭ್ಯಾಸಬಲದಿಂದ, ಯೋಚಿಸದೆಯೇ ಬಾಗಿಲನ್ನು ತೆರೆದು ಇಣುಕಿದೆ. ಪರೀಕ್ಷೆ ಅಲ್ಲಿಗೇ ರದ್ದಾಯಿತು. ಕಟ್ಟಿದ ಶುಲ್ಕ ಮರಳಲಿಲ್ಲ. ಒಳಗಿನಿಂದ ಅಗಳಿ ಹಾಕಿಸುವುದು ಒಂದು ನಿಮಿಷದ ಕೆಲಸ. ಹೆಂಡತಿಗೂ ನೆರೆಯ ಹುಡುಗರಿಗೂ ಬಾಗಿಲ ಬಳಿ ಸುಳಿಯಬೇಡಿರೆಂದು ಕಟ್ಟಪ್ಪಣೆ ಮಾಡಿದ ನನಗೆ, ನನ್ನನ್ನು ತಡೆಯಬೇಕೆಂಬುದು ತೋಚಲಿಲ್ಲ. ಮೊಮ್ಮಗಳು ಒಂದು ಮಾತನ್ನೂ ಆಡಲಿಲ್ಲ, ಆಡಿದ್ದರೆ ಹಗುರಾಗುತ್ತಿತ್ತು.

ಆ ರಾತ್ರಿ ಬಹಳ ಹೊತ್ತು ನಿದ್ರೆ ಬರಲಿಲ್ಲ. ಅದೇ ವರ್ಷದ ಮಾರ್ಚ್‌ನಲ್ಲಿ ನಮ್ಮ ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿಗಳಿಗೂ ಕ್ಯಾಮೆರಾ ಬಂದಿತ್ತು. ವೆಬ್‌ಕಾಸ್ಟಿಂಗಿನ ಆ ವರ್ಷ, ಹಿಂದಿನ ಸಲ ಶೇಕಡಾ 83.89 ಇದ್ದ ರಾಜ್ಯದ ಫಲಿತಾಂಶ, ಕೃಪಾಂಕಗಳನ್ನು ಹೆಚ್ಚಿಸಿಯೂ 73.40ಕ್ಕೆ ಇಳಿಯಿತು. ಆ ಅಂಕಿ ನನ್ನಂಥ ಮೇಲ್ವಿಚಾರಕರಿಗೆ ಹೊಗಳಿಕೆಯಲ್ಲ. ಆದರೂ ಒಂದು ಸಂಗತಿಯಲ್ಲಿ ನಾನು ಕ್ಯಾಮೆರಾಕ್ಕೆ ಸೋಲಲೊಲ್ಲೆ: ಉತ್ತರವನ್ನು ನೆನೆಯುತ್ತ ಜಂತಿಯತ್ತ ಏಳುವ ಕಣ್ಣಿಗೂ ಪಕ್ಕದವನ ಕಾಗದದತ್ತ ಜಾರುವ ಕಣ್ಣಿಗೂ ಇರುವ ಭೇದವನ್ನು ನಾನು ಕೋಣೆಯ ಮೂಲೆಯಿಂದಲೇ ಬಲ್ಲೆ. ಯೋಚಿಸುವಾಗ ಮೇಲೆ ನೋಡುವುದು ನಮ್ಮ ವಂಶದ ಚಾಳಿ. ಆ ಚಾಳಿಯನ್ನು ಬಿಡುವುದೇ ಮೊಮ್ಮಗಳಿಗೆ ವ್ಯಾಕರಣಕ್ಕಿಂತ ಕಠಿಣವಾಯಿತು.

ಮೂರು ವಾರಗಳ ಮೇಲೆ ಮರುಪರೀಕ್ಷೆ. ಕಂಬಳಿ, ಕೇಬಲು, ಕನ್ನಡಿ ಎಲ್ಲವೂ ಯಥಾಸ್ಥಾನದಲ್ಲಿ. ಈ ಸಲ ಅಗಳಿಯೂ ಬಿದ್ದಿತು. ನಾನು ಮನೆಯೊಳಗಿರುವುದೇ ಬೇಡವೆಂದು ಕಟ್ಟೆಯ ಮೇಲೆ, ಹೊರಹಾಕಿದ ಟ್ರಂಕು ಚೀಲಗಳ ನಡುವೆ, ತಾಯಿಯ ಭಾವಚಿತ್ರವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತು, ಹಾದುಹೋಗುವವರಿಗೆಲ್ಲ ತುಟಿಯ ಮೇಲೆ ಬೆರಳಿಟ್ಟು ತೋರಿಸುತ್ತಿದ್ದೆ. ಮೆಕ್ಕೆಜೋಳದ ರಾಶಿ ಮಾಡುವ ಯಂತ್ರವನ್ನು ಎಳೆದು ತಂದ ಟ್ರ್ಯಾಕ್ಟರೊಂದು ಓಣಿಯ ತಿರುವಿನಲ್ಲಿ ನಿಂತಿತು. ಓಡಿಸುತ್ತಿದ್ದವನು ಸಾಮಾನುಗಳನ್ನೂ ಭಾವಚಿತ್ರವನ್ನೂ ನನ್ನ ಮುಖವನ್ನೂ ನೋಡಿ, ಎಂಜಿನನ್ನು ಆರಿಸಿ, ರುಮಾಲು ತೆಗೆದು ಮೆಲ್ಲಗೆ ಬಳಿಗೆ ಬಂದು, "ಮಾಸ್ತರ್ರ, ಯಾರು ಹೋದ್ರ್ರೀ?" ಎಂದು ಕೇಳಿದ.

"ಯಾರೂ ಹೋಗಿಲ್ಲೋ ತಮ್ಮಾ, ಒಳಗ ಪರೀಕ್ಷಾ ನಡದೈತಿ" ಎಂದೆ.

ಅವನು ಮುಚ್ಚಿದ ಬಾಗಿಲನ್ನೊಮ್ಮೆ ನೋಡಿ, ಜೋಳದ ಚೀಲವೊಂದಕ್ಕೆ ಒರಗಿ, ಬಾಗಿಲು ತೆರೆಯುವವರೆಗೂ ನನ್ನ ಪಕ್ಕದಲ್ಲಿಯೇ ಕುಳಿತಿದ್ದ.