ಶೋಕಕಾಲದಲ್ಲಿ ಮನೆಯ ಮಕ್ಕಳು

ನಮ್ಮ ಕೈವಾರವು ಮಹಾಭಾರತದ ಏಕಚಕ್ರನಗರವೆಂದು ಪರಂಪರೆಯಿಂದ ಪ್ರಸಿದ್ಧವಾಗಿದೆ. ಬಕಾಸುರವಧೆಯ ಕಥೆಯನ್ನು ಕೇಳದ ಆಸ್ತಿಕರು ಇಲ್ಲಿಲ್ಲ. ಆದರೆ ಭೀಮಸೇನದೇವರ ಪರಾಕ್ರಮವನ್ನು ಕೇಳುವ ಉತ್ಸಾಹದಲ್ಲಿ ಅದಕ್ಕೆ ಮೊದಲು ಬರುವ ಒಂದು ಪ್ರಸಂಗವನ್ನು ನಾವು ಮರೆಯುತ್ತೇವೆ.

ಪಾಂಡವರಿಗೆ ಆಶ್ರಯವಿತ್ತ ಬ್ರಾಹ್ಮಣನ ಮನೆಗೆ ರಾಕ್ಷಸನ ಸರದಿ ಬಂದಿತು. ತಾನು ಹೋಗುವೆನೆಂದು ತಂದೆ, ತಾನೆಂದು ತಾಯಿ, ತಾನೆಂದು ಮಗಳು. ಹೀಗೆ ಎಲ್ಲರೂ ಗೋಳಿಟ್ಟರು. ಆಗ ತೊದಲು ನುಡಿಯ ಪುಟ್ಟ ಮಗನು ಒಬ್ಬೊಬ್ಬರ ಬಳಿಗೂ ಹೋಗಿ ಅಳಬೇಡಿರೆಂದನು. ಹುಲ್ಲುಕಡ್ಡಿಯೊಂದನ್ನು ಎತ್ತಿ, ಇದರಿಂದಲೇ ರಾಕ್ಷಸನನ್ನು ಕೊಲ್ಲುವೆನೆಂದನು. ಅಂಥ ದುಃಖದಲ್ಲಿಯೂ ಅವರಿಗೆ ಹರ್ಷವುಂಟಾಯಿತು.

ಮನೆಯ ದುಃಖವನ್ನು ಮಗುವು ಅರಿಯುತ್ತದೆ. ತಾನೂ ಏನಾದರೂ ಮಾಡಬೇಕೆಂದು ಹಂಬಲಿಸುತ್ತದೆ. ಇದೇ ಈ ಪ್ರಸಂಗದ ಪಾಠ.

ನಾನು ಏಳು ವರ್ಷದವನಾಗಿದ್ದಾಗ ನಮ್ಮ ಅಜ್ಜಿಯವರು ತೀರಿಕೊಂಡರು. ಅಜ್ಜಿ ಊರಿಗೆ ಹೋಗಿದ್ದಾರೆಂದು ಹಿರಿಯರು ಕರುಣೆಯಿಂದಲೇ ಹೇಳಿದರು. ಎಷ್ಟೋ ಸಂಜೆ ಜಗಲಿಯಲ್ಲಿ ಕುಳಿತು, ಬಸ್ಸಿನ ಸದ್ದಾದೊಡನೆ ಎದ್ದು ನೋಡುತ್ತಿದ್ದೆ. ನಿಜ ತಿಳಿದ ಮೇಲೆ ಬಹುಕಾಲ ಹಿರಿಯರ ಮಾತನ್ನು ನಂಬಲಾರದೆ ಹೋದೆ.

ಆದುದರಿಂದ ಮಗುವಿಗೆ ಮರಣವನ್ನು ಮರಣವೆಂದೇ ಮೃದುವಾಗಿ ತಿಳಿಸಬೇಕು. "ಮಲಗಿದ್ದಾರೆ" ಎಂದರೆ ಮಗುವು ನಿದ್ರೆಗೇ ಅಂಜೀತು. ಐದಾರು ವರ್ಷದೊಳಗಿನ ಮಕ್ಕಳಿಗೆ ಹೋದವರು ಮರಳಿ ಬಾರರೆಂಬುದು ಸುಲಭವಾಗಿ ತಿಳಿಯದು. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ. ಬೇಸರಿಸದೆ ಅದೇ ಉತ್ತರವನ್ನು ಕೊಡಬೇಕು. ತನ್ನ ತುಂಟತನದಿಂದಲೇ ಹೀಗಾಯಿತೆಂದು ಕೆಲವು ಮಕ್ಕಳು ಒಳಗೇ ಕೊರಗುವುದುಂಟು. "ನಿನ್ನ ತಪ್ಪಲ್ಲ" ಎಂದು ಬಾಯಿಬಿಟ್ಟು ಹೇಳಬೇಕು. ಈಗ ಅತ್ತ ಮಗು ಮರುಗಳಿಗೆಯಲ್ಲಿ ಆಡಿದರೆ ಗದರಬಾರದು. ಬಾಲಶೋಕದ ಸ್ವಭಾವವೇ ಹಾಗೆ.

ಶ್ರೀಮದ್ಭಾಗವತದ ಪ್ರಥಮಸ್ಕಂಧದಲ್ಲಿ, ಪೂರ್ವಜನ್ಮದಲ್ಲಿ ಐದು ವರ್ಷದ ಬಾಲಕರಾಗಿದ್ದ ನಾರದರು, ಹಾವು ಕಚ್ಚಿ ತಾಯಿಯು ಮೃತಳಾದುದನ್ನು ಭಗವದನುಗ್ರಹವೆಂದು ಭಾವಿಸಿದರೆಂದಿದೆ. ಅದು ದೇವರ್ಷಿಗಳ ಯೋಗ್ಯತೆ. ಅದನ್ನೇ ನಮ್ಮ ಮಗುವಿನಿಂದ ನಿರೀಕ್ಷಿಸಿ ಅಳುವನ್ನು ತಡೆಯುವುದು ಸಲ್ಲದು.

ಕರ್ಮಗಳ ದಿನಗಳಲ್ಲಿ ಮಕ್ಕಳನ್ನು ನೆರೆಮನೆಗೆ ಅಟ್ಟಿಬಿಡುವುದನ್ನು ಕಾಣುತ್ತೇವೆ. ಮಗುವಿಗೆ ಇಷ್ಟವಿದ್ದರೆ ವೈಕುಂಠ ಸಮಾರಾಧನೆಯ ದಿನ ತುಳಸಿ ಬಿಡಿಸುವ, ಎಲೆ ಹಾಕುವ ಕೆಲಸವನ್ನು ಕೊಡಿರಿ. ಅದೇ ಅದರ ಹುಲ್ಲುಕಡ್ಡಿ. ಊಟ, ನಿದ್ರೆ, ಶಾಲೆಗಳ ಕ್ರಮವನ್ನು ಬೇಗನೆ ಮೊದಲಿನಂತೆ ನಡೆಸಿರಿ. ಉಪಾಧ್ಯಾಯರಿಗೂ ವಿಷಯ ತಿಳಿಸಿರಿ. ವಾರಗಳು ಕಳೆದರೂ ಮಗುವು ಉಣ್ಣದೆ, ಮಲಗದೆ, ಮಾತನಾಡದೆ ಇದ್ದರೆ ವೈದ್ಯರನ್ನು ಕಾಣಲು ಸಂಕೋಚ ಬೇಡ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ-ಮಾನಸ್ ದೂರವಾಣಿ 14416ರಲ್ಲಿ ಕನ್ನಡದಲ್ಲಿಯೇ ಸಲಹೆ ದೊರೆಯುತ್ತದೆ.

ಹೋದವರ ಹೆಸರನ್ನು ಮಗುವಿನ ಮುಂದೆ ಎತ್ತಲು ಅಂಜಬಾರದು. ಅವರು ಹೇಳುತ್ತಿದ್ದ ಕಥೆಯನ್ನು ನಾವು ಹೇಳಿದರೆ ಮಗುವಿಗೂ ಸಮಾಧಾನ, ಹಿರಿಯರಿಗೂ ಸಮಾಧಾನ.

ಶ್ರೀಕೃಷ್ಣಾರ್ಪಣಮಸ್ತು.