ಹೊಳೆಯನ್ನು ಶುಚಿಮಾಡುವ ಸೇವೆ



ನಮ್ಮ ಸೀಮೆಯಲ್ಲಿ ಎರಡು ದೊಡ್ಡ ಹೊಳೆಗಳುಂಟು. ಕುದುರೆಮುಖದ ಬೆಟ್ಟಗಳಿಂದ ಇಳಿಯುವ ನೇತ್ರಾವತಿಯು ಬೆಳ್ತಂಗಡಿ ತಾಲೂಕಿನಲ್ಲಿ ಹರಿದು, ಉಪ್ಪಿನಂಗಡಿಯಲ್ಲಿ ಕುಮಾರಧಾರೆಯನ್ನು ಕೂಡಿಕೊಂಡು, ಬಂಟ್ವಾಳದ ಮಾರ್ಗವಾಗಿ ಹೋಗುತ್ತದೆ. ಫಲ್ಗುಣಿಯು ವೇಣೂರಿನ ಬದಿಯಿಂದ ಮೂಡುಬಿದಿರೆಯ ಸೀಮೆಗೆ ಬಂದು ಗುರುಪುರವನ್ನು ದಾಟುತ್ತದೆ. ಎರಡೂ ಮಂಗಳೂರಿನ ಬಳಿ ಒಂದೇ ಅಳಿವೆಯಲ್ಲಿ ಸಮುದ್ರವನ್ನು ಸೇರುತ್ತವೆ. ಬಂಟ್ವಾಳ ತಾಲೂಕಿನ ತುಂಬೆಯ ಅಣೆಕಟ್ಟಿನಿಂದ ಮಂಗಳೂರಿನವರಿಗೂ, ಪುಚ್ಚೆಮೊಗರಿನಲ್ಲಿ ಫಲ್ಗುಣಿಯಿಂದ ಮೂಡುಬಿದಿರೆ ಪೇಟೆಯವರಿಗೂ ಕುಡಿಯುವ ನೀರು ದೊರೆಯುತ್ತದೆ. ಹೀಗಿರುವಲ್ಲಿ ನಾವು ನಮ್ಮ ತೋಡಿನಲ್ಲಿ ಬಿಟ್ಟದ್ದು ಇನ್ನೊಬ್ಬರ ಕೊಡಕ್ಕೆ ಬರುವುದು. ಮೇಲೆ ವಾಸಿಸುವವನು ಕೆಳಗೆ ವಾಸಿಸುವವನಿಗೆ ಸಾಲಗಾರನು. ಇದೇ ಈ ಪಾಠದ ಮುಖ್ಯ ಮಾತು.

ಕಸವು ನೀರನ್ನು ಕೆಡಿಸುವುದು ಮಾತ್ರವಲ್ಲ, ನೀರಿನ ದಾರಿಯನ್ನೂ ಕಟ್ಟುವುದು. 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯ ನೆರೆ ಬಂಟ್ವಾಳದ ಪೇಟೆಗೆ ನುಗ್ಗಿದ್ದನ್ನು ಹಿರಿಯರು ಹೇಳಿಕೊಂಡು ಬಂದಿದ್ದಾರೆ. 2019ರ ಆಗಸ್ಟ್ ತಿಂಗಳಲ್ಲಿ ಚಾರ್ಮಾಡಿಯ ಕಡೆಯಲ್ಲಿ ಗುಡ್ಡಗಳು ಜರಿದು, ಮೃತ್ಯುಂಜಯ ಹೊಳೆಯು ಮರದ ದಿಮ್ಮಿಗಳನ್ನೂ ಮರಳನ್ನೂ ತಂದು ತೋಟಗಳಲ್ಲಿ ಹಾಕಿತು. ಆ ಮಳೆಯನ್ನು ತಡೆಯುವುದು ಯಾರಿಂದಲೂ ಆಗದು. ಆದರೆ ಸೇತುವೆಯ ಕಂಬಕ್ಕೂ ಕಿಂಡಿ ಅಣೆಕಟ್ಟಿಗೂ ಸಿಕ್ಕಿಕೊಂಡ ಮರ, ಬಳ್ಳಿ, ಪ್ಲಾಸ್ಟಿಕ್ ಚೀಲಗಳನ್ನು ತೆಗೆಯುವುದು ಮನುಷ್ಯರ ಕೈಯಲ್ಲಿದೆ. ತೆಗೆಯದೆ ಬಿಟ್ಟರೆ ನೀರು ಬದಿಗೆ ತಿರುಗಿ ದಡವನ್ನೂ ಗದ್ದೆಯನ್ನೂ ಕೊರೆಯುವುದು. ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು 2020ರಲ್ಲಿ ಆರಂಭಿಸಿದ ‘ಶೌರ್ಯ’ ತಂಡದ ಸ್ವಯಂಸೇವಕರು ಸಂಬಳವಿಲ್ಲದೆ ಇಂಥ ಕೆಲಸವನ್ನು ಮಾಡುತ್ತಾ ಬಂದಿದ್ದಾರೆ.

ಯಾತ್ರಿಕರು ಸ್ನಾನಘಟ್ಟಗಳಲ್ಲಿ ಬಟ್ಟೆಗಳನ್ನು ನೀರಿಗೆ ಬಿಡುವುದುಂಟು. 2025ರ ಮಾರ್ಚ್ ತಿಂಗಳಲ್ಲಿ ರಾಜ್ಯದ ಅರಣ್ಯ ಮಂತ್ರಿಗಳು ಇದನ್ನು ತಡೆಯಬೇಕೆಂದೂ, ತೀರ್ಥಕ್ಷೇತ್ರಗಳ ನದಿಗಳಿಂದ 500 ಮೀಟರಿನೊಳಗೆ ಸಾಬೂನು, ಶಾಂಪೂ ಮಾರಬಾರದೆಂದೂ ಸೂಚಿಸಿದರು. ಇದನ್ನು ಕೇಳಿ ನಾವು ಅನ್ಯರನ್ನು ಹಳಿಯತಕ್ಕದ್ದಲ್ಲ. ನಮ್ಮ ಮದುವೆಯ ಊಟದ ತಟ್ಟೆ ಲೋಟಗಳು ಎಲ್ಲಿಗೆ ಹೋದವು? ತೋಟಕ್ಕೆ ಹೊಡೆದ ಮದ್ದಿನ ಡಬ್ಬಿಯನ್ನು ಎಲ್ಲಿ ತೊಳೆದೆವು? ಮೊದಲು ನಮ್ಮ ಅಂಗಳದ ತೋಡನ್ನು ನೋಡೋಣ.

ಕೆಲಸದ ಕ್ರಮವು ಹೀಗಿರಲಿ.

ಮೊದಲನೆಯದು, ಕಾಲ. ಮಳೆಗಾಲಕ್ಕೆ ಮುಂಚೆ, ನೀರು ಇಳಿದಿರುವಾಗ ಮಾಡಬೇಕು. ನೆರೆಯ ನೀರಿಗೆ ಯಾರೂ ಇಳಿಯಬಾರದು. ಮಕ್ಕಳು ದಡದಲ್ಲಿಯೇ ಇರಲಿ.

ಎರಡನೆಯದು, ಜನ. ತೋಡಿಗೆ ಮಣ್ಣಿನ ಕಟ್ಟ ಹಾಕುವುದಕ್ಕೆ ನಮ್ಮ ಹಿರಿಯರು ನೆರೆಯವರೆಲ್ಲರನ್ನು ಕರೆಯುತ್ತಿದ್ದರು. ಅದರಂತೆ ಸಭೆಯವರು ಮಾತ್ರ ಹೋಗದೆ, ಊರಿನ ಎಲ್ಲಾ ಮತದವರೊಡನೆ ಕೂಡಿ, ಪಂಚಾಯಿತಿಗೆ ಮುಂದಾಗಿ ತಿಳಿಸಿ ಹೋಗಬೇಕು.

ಮೂರನೆಯದು, ಜಾಗ್ರತೆ. ಕೈಗವಸೂ ಕಾಲಿಗೆ ಗಟ್ಟಿಯಾದ ಜೋಡೂ ಇರಲಿ. ಕೈಕಾಲಿನಲ್ಲಿ ಗಾಯವಿದ್ದವರು ಕೆಸರಿಗೆ ಇಳಿಯಬಾರದು. ಇಲಿಜ್ವರವು ಗಾಯದ ಮೂಲಕ ಒಳಗೆ ಬರುವುದು. ಆಮೇಲೆ ಜ್ವರ ಬಂದರೆ ಕೆಸರಿನಲ್ಲಿ ಕೆಲಸ ಮಾಡಿದ್ದನ್ನು ವೈದ್ಯರಿಗೆ ಹೇಳಬೇಕು.

ನಾಲ್ಕನೆಯದು, ಎತ್ತಿದ ಕಸ. ಅದನ್ನು ದಡದಲ್ಲಿ ರಾಶಿ ಹಾಕಿದರೆ ಮೊದಲ ಮಳೆಗೇ ತಿರಿಗಿ ಹೊಳೆಗೆ ಹೋಗುವುದು. ಸುಟ್ಟರೆ ಹೊಗೆಯು ವಿಷವಾಗುವುದು. ಒಣ ಕಸವನ್ನು ಬೇರೆ ಮಾಡಿ ಪಂಚಾಯಿತಿಯ ಕಸದ ಗಾಡಿಗೆ ಒಪ್ಪಿಸಬೇಕು.

ಒಂದು ದಿನ ಶುಚಿಮಾಡಿ ವರುಷವೆಲ್ಲಾ ಬಿಸಾಡುವವನು ತೂತಿನ ಕೊಡಕ್ಕೆ ನೀರು ತುಂಬುವವನಂತೆ ಇದ್ದಾನೆ. ಆದಕಾರಣ ಬಿಸಾಡದಿರುವುದೇ ಸೇವೆಯ ಮೊದಲ ಭಾಗವೆಂದು ತಿಳಿಯೋಣ.

ಕೂಟದಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು:
1. ನಮ್ಮ ತೋಡು ಯಾವ ಹೊಳೆಯನ್ನು ಸೇರುತ್ತದೆ? ಅದರ ನೀರನ್ನು ಕೆಳಗೆ ಯಾರು ಕುಡಿಯುತ್ತಾರೆ?
2. ನಮ್ಮ ಮನೆಯಿಂದ ನೀರಿಗೆ ಹೋಗುವ ಯಾವ ಒಂದು ವಸ್ತುವನ್ನು ಈ ವಾರವೇ ನಿಲ್ಲಿಸಬಹುದು?
3. ಈ ಕೆಲಸಕ್ಕೆ ನೆರೆಯವರಲ್ಲಿ ಯಾರನ್ನು ಮೊದಲು ಕರೆಯೋಣ?