ಉಚ್ಚಂಗಿದುರ್ಗ: ಬೆಟ್ಟದ ಮೇಲಿನ ಊರು

ಹರಪನಹಳ್ಳಿ ತಾಲ್ಲೂಕಿಗೆ ಸೇರಿದ ಉಚ್ಚಂಗಿದುರ್ಗ, ಕಲ್ಯಾಣ ಚಾಲುಕ್ಯರ ಸಾಮಂತರಾಗಿ ನೊಳಂಬವಾಡಿ 32000 ಪ್ರಾಂತ್ಯವನ್ನು ಆಳಿದ ಪಾಂಡ್ಯರ ರಾಜಧಾನಿ. ಇವರು ಮಧುರೆಯ ಪಾಂಡ್ಯರಲ್ಲ, ಉಚ್ಚಂಗಿ ಪಾಂಡ್ಯರು. ಪರೀಕ್ಷೆಯ ಅಭ್ಯರ್ಥಿಗಳು ಎಡವುವುದು ಇಲ್ಲೇ.

ಹೊಯ್ಸಳ ವಿಷ್ಣುವರ್ಧನನಿಗೆ ‘ನೊಳಂಬವಾಡಿಗೊಂಡ’ ಎಂಬ ಬಿರುದಿತ್ತು. ಆದರೂ ಉಚ್ಚಂಗಿಯ ಹೆಸರು ಹೆಚ್ಚು ಬೆಸೆದುಕೊಂಡಿರುವುದು ಅವನ ಮೊಮ್ಮಗ ಇಮ್ಮಡಿ ವೀರಬಲ್ಲಾಳನೊಂದಿಗೆ. 1177ರ ಸುಮಾರಿಗೆ ಅವನು ಕಾಮದೇವ ಪಾಂಡ್ಯನನ್ನು ಸೋಲಿಸಿ ಕೋಟೆ ಹಿಡಿದ. ಶರಣಾದ ಮೇಲೆ ರಾಜ್ಯವನ್ನು ಮರಳಿಸಿದ. ಚೋಳರು ಹನ್ನೆರಡು ವರ್ಷ ಮುತ್ತಿಗೆ ಹಾಕಿ ಕೈಬಿಟ್ಟ ದುರ್ಗವಿದು ಎಂದು ಹೊಯ್ಸಳ ಶಾಸನ ಕೊಂಡಾಡುತ್ತದೆ. ಹೊಗಳಿಕೆಯ ಮಾತನ್ನು ಅಷ್ಟೇ ಎಚ್ಚರದಿಂದ ಓದಬೇಕು. ಬಲ್ಲಾಳನ ‘ಗಿರಿದುರ್ಗಮಲ್ಲ’, ‘ಶನಿವಾರಸಿದ್ಧಿ’ ಬಿರುದುಗಳನ್ನು ಈ ಗೆಲುವಿನೊಂದಿಗೇ ಗುರುತಿಸುತ್ತಾರೆ.

ಕೋಟೆಯೊಳಗೆ ಉಚ್ಚಂಗೆಮ್ಮನ ಗುಡಿಯಿದೆ. ಭರತ ಹುಣ್ಣಿಮೆ, ಯುಗಾದಿಗೆ ಭಕ್ತರು ‘ಉಧೋ ಉಧೋ’ ಎನ್ನುತ್ತ ಬೆಟ್ಟ ಹತ್ತುತ್ತಾರೆ. ಇದೇ ಹುಣ್ಣಿಮೆಗೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ದೇವದಾಸಿಯರಾಗಿಸುತ್ತಿದ್ದ ನೋವಿನ ಚರಿತ್ರೆಯನ್ನೂ ಮರೆಯಬಾರದು. ಅದನ್ನು ನಿಷೇಧಿಸಿದ್ದು ಕರ್ನಾಟಕ ದೇವದಾಸಿಯರ (ಸಮರ್ಪಣಾ ನಿಷೇಧ) ಅಧಿನಿಯಮ, 1982.

ಆಡಳಿತ: ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು.